ಮೌಸ್ ಹತ್ತಿರಕ್ಕೆ ಎಳೆದುಕೊಳ್ಳಿ

ಭುಜ ನೋವು ಅಂತ ಮುಲಾಮು ಹುಡುಕುವ ಮೊದಲು ನಿಮ್ಮ ಮೌಸ್ ಎಲ್ಲಿದೆ ನೋಡಿ. ಕೀಬೋರ್ಡಿನ ಬಲತುದಿಯ ಅಂಕಿಗಳಿಂದಾಚೆ ಅದು ಕೂತಿದ್ದರೆ, ದಿನವಿಡೀ ನಿಮ್ಮ ಕೈ ಚಾಚಿಕೊಂಡೇ ಇರುತ್ತದೆ. ಆ ಭಾರ ಹೊರುವುದು ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ಸ್ನಾಯು. ಸಂಜೆ ಅಲ್ಲಿ ಬೆರಳಿಟ್ಟು ಒತ್ತಿ, ಗಂಟು ಕಟ್ಟಿದಂತೆ ಸಿಗುತ್ತದೆ. ಮೊಣಕೈ ಪಕ್ಕೆಯ ಹತ್ತಿರವೇ ಇದ್ದು ಮೌಸ್ ಕೈಗೆ ಸಿಗಬೇಕು. ನನ್ನ ಪ್ರಕಾರ ದುಬಾರಿ ಕುರ್ಚಿಗಿಂತ ಇದೇ ಮುಖ್ಯ.

ಲ್ಯಾಪ್‌ಟಾಪ್ ಆದರೆ ದಪ್ಪ ಪುಸ್ತಕಗಳ ಮೇಲಿಟ್ಟು, ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಕೀಬೋರ್ಡ್ ಬೇರೆ ಇರಲಿ. ತಲೆಯ ತೂಕವೇ ಸುಮಾರು 5 ಕಿಲೋ, ಮುಂದಕ್ಕೆ ಬಾಗಿದಷ್ಟೂ ಹೊರೆ ಹೆಚ್ಚು. ಅರ್ಧ ಗಂಟೆಗೊಮ್ಮೆ ಎದ್ದು, ಭುಜಗಳನ್ನು ಕಿವಿಯತ್ತ ಎತ್ತಿ, ಹಿಂದಕ್ಕೆ ತಿರುಗಿಸಿ, ನಿಧಾನವಾಗಿ ಇಳಿಬಿಡಿ. ಫೋನನ್ನು ಕಿವಿ–ಭುಜದ ನಡುವೆ ಸಿಕ್ಕಿಸಿಕೊಂಡು ಟೈಪ್ ಮಾಡುವುದನ್ನಂತೂ ಇವತ್ತೇ ಬಿಡಿ.

ಇಷ್ಟಾದರೂ ಎರಡು ವಾರದಲ್ಲಿ ನೋವು ತಗ್ಗದಿದ್ದರೆ, ಬೆರಳು ಜೋಮು ಹಿಡಿದರೆ, ಕೈಯೆತ್ತಿ ತಲೆ ಬಾಚಲಾಗದಿದ್ದರೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರಲ್ಲಿ ಭುಜ ಬಿಗಿದುಕೊಳ್ಳುವುದು ಹೆಚ್ಚು. ಎದೆ ಹಿಂಡಿದಂತಾಗಿ, ಬೆವರಿ, ಉಸಿರು ಕಟ್ಟಿ ಎಡಭುಜ ನೋಯುತ್ತಿದ್ದರೆ ಮಾತ್ರ ಕಂಪ್ಯೂಟರಿನಿಂದಲೇ ಬಂದ ನೋವೆಂದು ಸುಮ್ಮನಿರಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ.