ಎರೆ ಹೊಲದ ಹುಲ್ಲಿಗೆ ಶಂಖಪುಷ್ಪದ ಜೊತೆ

ಕುಂದಗೋಳ ತಾಲ್ಲೂಕಿನ ಯರಗುಪ್ಪಿ ಸುತ್ತಿನ ಎರೆ ಹೊಲಗಳಲ್ಲಿ ಶಿವರಾತ್ರಿ ದಾಟಿತೆಂದರೆ ಬದುವಿನ ಹುಲ್ಲು ಒಣಗಿ ಬೆಳ್ಳಗಾಗುತ್ತದೆ. ಗ್ವಾದಲಿ ತುಂಬ ಜೋಳದ ಕಣಿಕೆ ಹಾಕಿದರೂ ಎತ್ತಿನ ಪಕ್ಕೆಲುಬು ಎದ್ದು ಕಾಣುತ್ತದೆ, ಎಮ್ಮೆಯ ಹಾಲು ಇಳಿಯುತ್ತದೆ. ಮೇವು ಸಾಲದಾಯಿತು ಎನ್ನುತ್ತೇವೆ. ಬಹಳ ಸಲ ಸಾಲದಾಗಿರುವುದು ಮೇವಲ್ಲ, ಅದರೊಳಗಿನ ಪ್ರೋಟೀನು.

ದನದ ಮೊದಲ ಹೊಟ್ಟೆಯಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳಿವೆ. ಮೇವಿನಲ್ಲಿ ಶೇ. 7ರಷ್ಟಾದರೂ ಪ್ರೋಟೀನು ಇಲ್ಲದಿದ್ದರೆ ಅವು ಸೊರಗುತ್ತವೆ. ನಾರು ಕರಗುವುದು ತಡವಾಗುತ್ತದೆ, ಹೊಟ್ಟೆ ಖಾಲಿಯಾಗದೆ ದನ ಮೇಯುವುದನ್ನೇ ಕಡಿಮೆ ಮಾಡುತ್ತದೆ. ಬಲಿತು ಒಣಗಿದ ಹುಲ್ಲು, ಕಣಿಕೆಗಳಲ್ಲಿ ಪ್ರೋಟೀನು ಶೇ. 3ರಿಂದ 5ರಷ್ಟು ಮಾತ್ರ. ದ್ವಿದಳ ಮೇವಿನಲ್ಲಿ ಸಾಮಾನ್ಯವಾಗಿ 15ರಿಂದ 20. ಕಣಿಕೆಯ ಜೊತೆ ಶೇಂಗಾ ಹೊಟ್ಟು, ಹೆಸರಿನ ಹೊಟ್ಟು ಬೆರೆಸಿ ಹಾಕುತ್ತಿದ್ದ ಹಿರಿಯರ ಲೆಕ್ಕವೂ ಇದೇ. ಅದೇ ಲೆಕ್ಕವನ್ನು ಹುಲ್ಲುಗಾವಲಿಗೂ ತರಬೇಕು.

ಯಾವ ದ್ವಿದಳ ಎಂಬಲ್ಲಿ ಮಾತ್ರ ಎಡವಬಾರದು. ಎಲ್ಲೆಡೆ ಹೇಳುವುದು ಸ್ಟೈಲೋ. ಕಲಘಟಗಿ ಕಡೆಯ ಕೆಂಪು, ಗರಸು ನೆಲಕ್ಕೆ ಅದು ಸರಿ. ಸಾಮಾನ್ಯವಾಗಿ ಸಿಗುವ ಹಮಾಟ, ಸ್ಕೇಬ್ರಾ ಜಾತಿಗಳು ನಮ್ಮ ಜಿಗುಟು ಎರೆಗೆ ಒಗ್ಗುವುದಿಲ್ಲ. ಇಲ್ಲಿಗೆ ಒಪ್ಪುವುದು ಪೂಜೆಗೆ ಹೂ ಕೊಡುವ ಶಂಖಪುಷ್ಪ. ಅದರ ಬೇರು ಆಳಕ್ಕಿಳಿಯುತ್ತದೆ, ಬರ ತಡೆಯುತ್ತದೆ, ಎಲೆ ದನಕ್ಕೆ ರುಚಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇಂಥದೇ ಕಪ್ಪು ಜೇಡಿ ಮಣ್ಣಿನ ಹುಲ್ಲುಗಾವಲಿಗೆ ಇದನ್ನೇ ಬಿತ್ತುತ್ತಾರೆ. ಹುಲ್ಲಿನ ಪೈಕಿ ಎರೆಗೆ ಒಗ್ಗಿದ್ದು ಮಾರ್ವೆಲ್. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಕೃಷಿ ವಿಶ್ವವಿದ್ಯಾಲಯವೂ ಇವೆ. ಬೀಜ, ಬೇರುತುಂಡುಗಳಿಗೆ ಅಲ್ಲಿ ವಿಚಾರಿಸಿ.

ಶಂಖಪುಷ್ಪದ ಬೀಜದ ಸಿಪ್ಪೆ ಗಟ್ಟಿ. ಒರಟು ಮರಳಿನೊಡನೆ ಉಜ್ಜಿ, ಒಂದು ರಾತ್ರಿ ನೆನೆಸಿ. ಬಳಿಕ ಬೆಲ್ಲದ ನೀರಿನಲ್ಲಿ ಅಲಸಂದಿಗೆ ಬಳಸುವ ರೈಜೋಬಿಯಂ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ. ಮಿರಗ ಮಳೆಯ ಹದಕ್ಕೆ ಎರಡು ಸಾಲು ಹುಲ್ಲು, ಒಂದು ಸಾಲು ಶಂಖಪುಷ್ಪ. ಇದನ್ನು ಒಂದಿಂಚು ಆಳಕ್ಕೆ ಬಿತ್ತಿ. ಹುಲ್ಲಿನ ಬೀಜವಾದರೆ ಮೇಲ್ಮಣ್ಣಲ್ಲೇ ಇರಲಿ, ಆಳಕ್ಕೆ ಹೋದರೆ ಮೊಳೆಯುವುದಿಲ್ಲ. ಐದು ಗುಂಟೆಗೆ ಅರ್ಧ ಕಿಲೋ ಶಂಖಪುಷ್ಪದ ಬೀಜ ಸಾಕು.

ಯೂರಿಯಾ ಸುರಿಯಬೇಡಿ. ಹುಲ್ಲು ಸೊಕ್ಕಿ ಬೆಳೆದು ಬಳ್ಳಿಯನ್ನು ಮುಚ್ಚುತ್ತದೆ, ಗಾಳಿಯ ಸಾರಜನಕ ಹಿಡಿಯುವ ಅದರ ಬೇರಿನ ಗಂಟುಗಳೂ ಕೆಲಸ ನಿಲ್ಲಿಸುತ್ತವೆ. ದ್ವಿದಳಕ್ಕೆ ಬೇಕಾದ್ದು ರಂಜಕ. ಅದಕ್ಕೆ ಸೂಪರ್ ಫಾಸ್ಫೇಟ್ ಕೊಡಿ. ಶಿಲಾರಂಜಕ ನಮ್ಮ ಕ್ಷಾರ ಎರೆಯಲ್ಲಿ ಕರಗುವುದಿಲ್ಲ.

ಬಿತ್ತಿದ ಎರಡು ತಿಂಗಳಿಗೆ ಶಂಖಪುಷ್ಪದ ಒಂದು ಗಿಡವನ್ನು ಕುರ್ಪಿಯಿಂದ ಮಣ್ಣುಸಮೇತ ಎಬ್ಬಿಸಿ. ಕೈಯಿಂದ ಎಳೆದರೆ ಗಂಟುಗಳು ಎರೆಯಲ್ಲೇ ಹರಿದು ಉಳಿಯುತ್ತವೆ. ಬೇರನ್ನು ನೀರಲ್ಲಿ ತೊಳೆದು ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಕಂಡರೆ ಅದು ಗಾಳಿಯ ಸಾರಜನಕವನ್ನು ಹಿಡಿಯುತ್ತಿದೆ. ಬಿಳಿಚಿಕೊಂಡಿದ್ದರೆ, ಹಸಿರಾಗಿದ್ದರೆ ಇಲ್ಲ.

ಇಷ್ಟೆಲ್ಲ ಮಾಡಿದ ಹುಲ್ಲುಗಾವಲು ಹಾಳಾಗುವುದು ಮೇಯಿಸುವುದರಲ್ಲಿ. ದನ ಮೊದಲು ಬಾಯಿ ಹಾಕುವುದೇ ಬಳ್ಳಿಯ ಎಳೆ ಕುಡಿಗೆ. ದಿನಾ ಬಿಟ್ಟರೆ ಒಂದೇ ವರ್ಷದಲ್ಲಿ ಬಳ್ಳಿ ಮಾಯವಾಗಿ ಬರೀ ಹುಲ್ಲು ಉಳಿಯುತ್ತದೆ. ಮೊದಲ ವರ್ಷ ಮೇಯಿಸಲೇಬೇಡಿ. ಕೊಯ್ದು ಹಾಕಿ, ಒಮ್ಮೆ ಕಾಯಿ ಬಲಿತು ಬೀಜ ನೆಲಕ್ಕೆ ಉದುರಲಿ. ಎರಡನೇ ವರ್ಷದಿಂದ ಜಾಗವನ್ನು ನಾಲ್ಕು ಭಾಗ ಮಾಡಿ ಸರದಿಯಂತೆ ಮೇಯಿಸಿ, ಪ್ರತಿ ಭಾಗಕ್ಕೂ ಆರು ವಾರ ಬಿಡುವು ಕೊಡಿ. ಎರೆ ಹಸಿ ಇದ್ದಾಗ ದನ ಇಳಿಸಿದರೆ ಗೊರಸಿನ ತುಳಿತಕ್ಕೆ ನೆಲ ಕಲ್ಲಾಗುತ್ತದೆ.

ಸುಗ್ಗಿ ಮುಗಿದ ಮೇಲೆ ಯಾರ ದನ ಯಾರ ಹೊಲದಲ್ಲಾದರೂ ಮೇಯುವುದು ನಮ್ಮಲ್ಲಿ ರೂಢಿ. ಹಾಗಾಗಿ ಊರಾಚೆಯ ಹೊಲದಲ್ಲಿ ಶುರು ಮಾಡಬೇಡಿ. ಕಣ್ಣಳತೆಯಲ್ಲಿರುವ, ಮುಳ್ಳುಬೇಲಿ ಹಾಕಲು ಬರುವ ಐದು ಗುಂಟೆ ಈ ವರ್ಷಕ್ಕೆ ಸಾಕು. ರೋಹಿಣಿ ಮಳೆ ಬರುವುದರೊಳಗೆ ಬೀಜ ಮನೆಯಲ್ಲಿರಲಿ.