ತಪ್ಪು ಹುಟ್ಟಿದಲ್ಲೇ ತಿದ್ದಬೇಕು

ಆದಾಯ ತೆರಿಗೆ ರಿಟರ್ನ್ ಎಂದರೆ ಹಣವಂತರ ಕೆಲಸ ಎಂದುಕೊಂಡಿರುವ ನಿವೃತ್ತರು ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಠೇವಣಿಯ ಬಡ್ಡಿ ಒಂದು ಮಿತಿ ದಾಟಿದರೆ ಬ್ಯಾಂಕು ಶೇಕಡ 10ರಷ್ಟು ಟಿಡಿಎಸ್ ಮುರಿದುಕೊಳ್ಳುತ್ತದೆ. ಪ್ಯಾನ್ ಕೊಟ್ಟಿಲ್ಲದಿದ್ದರೆ ಶೇಕಡ 20. ಇವರಲ್ಲಿ ಎಷ್ಟೋ ಜನರ ಒಟ್ಟು ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ರಿಟರ್ನ್ ಹಾಕಿದರೆ ಮುರಿದುಕೊಂಡ ಹಣವೆಲ್ಲ ಖಾತೆಗೆ ವಾಪಸ್ ಬರುತ್ತದೆ. ಹಾಕುವುದಿಲ್ಲ, ಹಣ ಸರ್ಕಾರದಲ್ಲೇ ಉಳಿಯುತ್ತದೆ. ಏಪ್ರಿಲ್‌ನಲ್ಲೇ ಬ್ಯಾಂಕಿಗೆ 15ಎಚ್ ಫಾರಂ ಕೊಟ್ಟಿದ್ದರೆ, ಅರವತ್ತು ತುಂಬಿಲ್ಲದವರು 15ಜಿ ಕೊಟ್ಟಿದ್ದರೆ, ಆ ಹಣ ಕೈಬಿಟ್ಟು ಹೋಗುತ್ತಲೇ ಇರಲಿಲ್ಲ. ನಾನು ಲೆಕ್ಕಪರಿಶೋಧಕನಲ್ಲ, ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಮನೆಯವರ ರಿಟರ್ನ್‌ನಿಂದ ಶುರುವಾದದ್ದು ಆಮೇಲೆ ಸಹೋದ್ಯೋಗಿಗಳ, ನೆರೆಯವರ ರಿಟರ್ನ್‌ವರೆಗೆ ಬೆಳೆಯಿತು. ಆ ಕೆಲಸದಲ್ಲಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ತೀರಿಕೊಂಡ ವರ್ಷ ಮನೆಯಲ್ಲಿ ಎರಡು ರಿಟರ್ನ್ ಬೇಕಾದವು. ಅವರು ಬದುಕಿದ್ದ ತಿಂಗಳುಗಳ ಆದಾಯಕ್ಕೆ ಅವರದೇ ಹೆಸರಿನಲ್ಲಿ ಒಂದು, ಅಮ್ಮನದು ಇನ್ನೊಂದು. ತೀರಿಕೊಂಡವರ ಪರವಾಗಿ ಸಲ್ಲಿಸಲು ಮರಣ ಪ್ರಮಾಣಪತ್ರ, ಇಬ್ಬರ ಪ್ಯಾನ್, ವಾರಸುದಾರಿಕೆಯ ದಾಖಲೆ ಇವನ್ನೆಲ್ಲ ಇಲಾಖೆಯ ಪೋರ್ಟಲ್‌ಗೆ ಏರಿಸಿ ಕಾನೂನುಬದ್ಧ ವಾರಸುದಾರ ಎಂದು ಮೊದಲು ನೋಂದಾಯಿಸಿಕೊಳ್ಳಬೇಕು. ಅಪ್ಪನ ಪಿಂಚಣಿ ಸಂಬಳದ ತಲೆಬರಹದಡಿ ಬರುತ್ತಿತ್ತು, ಅದಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇತ್ತು. ಅಮ್ಮನಿಗೆ ಬರುವ ಕುಟುಂಬ ಪಿಂಚಣಿ ಹಾಗಲ್ಲ. ಅದು ‘ಇತರ ಮೂಲಗಳ ಆದಾಯ’. ಅದರಲ್ಲಿ ಮೂರನೇ ಒಂದು ಭಾಗ, ಇಲ್ಲವೇ ಹಳೆಯ ಪದ್ಧತಿಯಲ್ಲಿ 15,000 ರೂಪಾಯಿ, ಈಗಿನ ಹೊಸ ಪದ್ಧತಿಯಲ್ಲಿ 25,000 ರೂಪಾಯಿ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ಕಳೆಯಬಹುದು. ಇದನ್ನು ಸಂಬಳದ ಅಂಕಣದಲ್ಲಿ ತುಂಬಿದ ಫಾರಂಗಳನ್ನು ಆಮೇಲೆ ನಾನು ಹಲವು ಕಂಡಿದ್ದೇನೆ. ಹೆಚ್ಚು ಕಳೆದುಕೊಂಡಂತಾಗಿ, ಒಂದೆರಡು ವರ್ಷ ಬಿಟ್ಟು ಬಡ್ಡಿ ಸಮೇತ ಕಟ್ಟಿಸಿಕೊಳ್ಳುವ ಕಾಗದ ಬರುತ್ತದೆ. ಎಪ್ಪತ್ತು ದಾಟಿದ ಹೆಂಗಸರಿಗೆ ಅಂಥ ಕಾಗದ ಎಷ್ಟು ದಿಗಿಲು ಹುಟ್ಟಿಸುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವನಿಗೆ ಈ ವಿಷಯದಲ್ಲಿ ಉದಾಸೀನ ಬರಲಾರದು.

ರಿಟರ್ನ್ ಫಾರಂ ತೆರೆಯುವ ಮುಂಚೆ ನಾನು ನೋಡುವುದು ಬೇರೆಯವರು ನಮ್ಮ ಬಗ್ಗೆ ಇಲಾಖೆಗೆ ಹೇಳಿರುವುದನ್ನು. 26ಎಎಸ್‌ನಲ್ಲಿ ಯಾರು ಎಷ್ಟು ತೆರಿಗೆ ಮುರಿದು ಕಟ್ಟಿದ್ದಾರೆ ಎಂಬುದಿದೆ. 2021ರ ನವೆಂಬರ್‌ನಲ್ಲಿ ಬಂದ ವಾರ್ಷಿಕ ಮಾಹಿತಿ ಪಟ್ಟಿ ಎಐಎಸ್‌ನಲ್ಲಿ ಉಳಿತಾಯ ಖಾತೆಯ ಬಡ್ಡಿ, ಷೇರಿನ ಲಾಭಾಂಶ, ಜಮೀನು ಮಾರಾಟ, ಕಳೆದ ಸಲದ ರಿಫಂಡ್ ಮೇಲೆ ಇಲಾಖೆಯೇ ಕೊಟ್ಟ ಬಡ್ಡಿ, ಎಲ್ಲವೂ ಇರುತ್ತವೆ. ಈ ಕೊನೆಯದು ತೆರಿಗೆಗೆ ಒಳಪಡುವ ಆದಾಯ ಎಂದು ಬಹಳ ಜನಕ್ಕೆ ಗೊತ್ತಿಲ್ಲ. ಮಾರ್ಚ್‌ಗೆ ಮುಗಿಯುವ ತ್ರೈಮಾಸಿಕದ ಟಿಡಿಎಸ್ ವಿವರ ಕೊಡಲು ಬ್ಯಾಂಕು, ಕಚೇರಿಗಳಿಗೆ ಮೇ 31ರವರೆಗೆ ಸಮಯವಿರುತ್ತದೆ. ಜೂನ್ 15ರ ಹೊತ್ತಿಗೆ ಫಾರಂ 16 ಬರಬೇಕು. ಹಾಗಾಗಿ ಏಪ್ರಿಲ್‌ನಲ್ಲೇ ಮುಗಿಸಿಬಿಡುವ ಅವಸರ ನನಗೆ ಸರಿ ಕಾಣುವುದಿಲ್ಲ. ಅರ್ಧ ತುಂಬಿದ ದಾಖಲೆ ನೋಡಿ ಹಾಕಿದ ರಿಟರ್ನನ್ನು ಜುಲೈನಲ್ಲಿ ಮತ್ತೆ ಹಾಕಬೇಕಾಗುತ್ತದೆ.

ಪೋರ್ಟಲ್ ತಾನೇ ತುಂಬಿಟ್ಟ ಅಂಕಿಗಳನ್ನು ಮಾತ್ರ ಪೂರ್ತಿ ನಂಬಬಾರದು. ಜಂಟಿ ಒಡೆತನದ ಆಸ್ತಿ ಮಾರಿದಾಗ ಇಡೀ ಮೊತ್ತ ಒಬ್ಬರ ಎಐಎಸ್‌ನಲ್ಲೇ ಕಾಣಿಸಬಹುದು, ಒಂದೇ ಬಡ್ಡಿ ಎರಡು ಸಲ ಕಾಣಿಸಬಹುದು. ಅಲ್ಲೇ ಆಯಾ ಸಾಲಿನ ಎದುರು ‘ಇದು ಎರಡು ಬಾರಿ ಬಂದಿದೆ’, ‘ಇದು ಬೇರೆ ಪ್ಯಾನ್‌ಗೆ ಸೇರಿದ್ದು’ ಎಂದು ಹೇಳಲು ಅವಕಾಶವಿದೆ. ಪಾಸ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಈ ಕೆಲಸ ಮಾಡಿದ ಮೇಲೆಯೇ ನಾನು ಫಾರಂಗೆ ಕೈ ಹಾಕುವುದು.

ನಮ್ಮ ಕಡೆಯವರಿಗೆ ಹೆಸರಿನದೇ ಒಂದು ಪ್ರತ್ಯೇಕ ತೊಂದರೆ. ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇಟ್ಟುಕೊಂಡು ಬದುಕಿದ ನಮ್ಮಂಥವರಿಗೆ ಪ್ಯಾನ್ ಮಾಡಿಸುವಾಗ ಅವನ್ನು ಬಿಡಿಸಿ ಬರೆಯಬೇಕಾಯಿತು. ಪ್ಯಾನಿನ ಹತ್ತು ಅಕ್ಷರಗಳಲ್ಲಿ ಐದನೆಯದು ಮನೆತನದ ಹೆಸರಿನ ಮೊದಲಕ್ಷರ. ನಮ್ಮಲ್ಲಿ ಕೆಲವರಿಗೆ ಅದು ಅಪ್ಪನ ಹೆಸರಿನದು, ಕೆಲವರಿಗೆ ಊರಿನದು. ಪ್ಯಾನಿನಲ್ಲಿ ಬಿಡಿಸಿದ ಹೆಸರು, ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಬ್ಯಾಂಕಿನಲ್ಲಿ ಹಿಂದೆ. ಹೀಗಿದ್ದಾಗ ರಿಫಂಡ್‌ಗಾಗಿ ಖಾತೆಯನ್ನು ಪ್ರಿ-ವ್ಯಾಲಿಡೇಟ್ ಮಾಡುವ ಹಂತದಲ್ಲೇ ಕೆಲಸ ನಿಲ್ಲುತ್ತದೆ. ಇದರ ಜೊತೆಗೆ ಬ್ಯಾಂಕುಗಳ ವಿಲೀನ. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೂ, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಕರಾವಳಿ, ಮಲೆನಾಡಿನ ಮೇಷ್ಟ್ರುಗಳ ಖಾತೆಗಳೆಲ್ಲ ಹೆಚ್ಚಾಗಿ ಇಂಥ ಬ್ಯಾಂಕುಗಳಲ್ಲೇ ಇದ್ದವು. ಐಎಫ್‌ಎಸ್‌ಸಿ ಬದಲಾದದ್ದು ಪಾಸ್‌ಬುಕ್ಕಿಗೆ ಬಂತು, ಪೋರ್ಟಲ್‌ನಲ್ಲಿ ಹಳೆಯದೇ ಉಳಿಯಿತು. ಮಂಜೂರಾದ ರಿಫಂಡ್ ಖಾತೆಗೆ ಬೀಳದೆ ಹಿಂದಿರುಗಿದರೆ ರಿಟರ್ನ್ ತಿದ್ದಿ ಫಲವಿಲ್ಲ. ಖಾತೆಯ ವಿವರ ಸರಿಪಡಿಸಿ, ರಿಫಂಡ್ ಮರುಬಿಡುಗಡೆಗೆ ಕೋರಿಕೆ ಹಾಕಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ. ತಪ್ಪು ಎಲ್ಲಿ ಹುಟ್ಟಿದೆಯೋ ಅಲ್ಲೇ ತಿದ್ದಬೇಕು. ರಿಟರ್ನ್ ಲೆಕ್ಕ ಪರಿಶೀಲಿಸುವ ಬೆಂಗಳೂರಿನ ಸಿಪಿಸಿಯಿಂದ 143(1)ರ ಇಂಟಿಮೇಶನ್ ಬಂದಾಗ ಜನ ಕೊನೆಯ ಸಾಲಿನ ಮೊತ್ತ ನೋಡುತ್ತಾರೆ, ಡಿಮ್ಯಾಂಡ್ ಇದ್ದರೆ ಹೆದರಿ ಕಟ್ಟಿಬಿಡುತ್ತಾರೆ. ಆ ಕಾಗದದಲ್ಲಿ ಎರಡು ಅಂಕಣಗಳಿವೆ. ಒಂದು ನಾವು ಹೇಳಿದ್ದು, ಇನ್ನೊಂದು ಅವರು ಲೆಕ್ಕ ಹಾಕಿದ್ದು. ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಓದುತ್ತಾ, ಎರಡೂ ಬೇರೆಯಾಗುವ ಮೊದಲನೆಯ ಸಾಲನ್ನು ಹುಡುಕಬೇಕು. ಅದರ ಕೆಳಗಿನ ವ್ಯತ್ಯಾಸಗಳು ಬಹುಮಟ್ಟಿಗೆ ಅದರಿಂದಲೇ ಬಂದಿರುತ್ತವೆ.

ನನ್ನ ಸಹೋದ್ಯೋಗಿಯೊಬ್ಬರಿಗೆ ಹಲವು ವರ್ಷಗಳ ವೇತನ ಬಾಕಿ ಒಂದೇ ಸಲ ಬಂತು. ಒಂದೇ ವರ್ಷಕ್ಕೆ ಸೇರಿಸಿದರೆ ತೆರಿಗೆ ಏರುತ್ತದೆಂದು ಕಾನೂನಿನ 89ನೇ ಸೆಕ್ಷನ್ ಪರಿಹಾರ ಕೊಡುತ್ತದೆ. ಅವರ ರಿಟರ್ನ್‌ನಲ್ಲಿ ಪರಿಹಾರದ ಮೊತ್ತ ಸರಿಯಾಗಿಯೇ ಇತ್ತು. ಆದರೂ ದೊಡ್ಡ ಡಿಮ್ಯಾಂಡ್ ಬಂತು. ಎರಡು ಅಂಕಣಗಳನ್ನು ಓದುತ್ತಾ ಹೋದರೆ ಒಟ್ಟು ಆದಾಯ ಒಂದೇ, ತೆರಿಗೆಯೂ ಒಂದೇ. 89ರ ಸಾಲಿನಲ್ಲಿ ಮಾತ್ರ ಅವರ ಕಡೆ ಸೊನ್ನೆ. ಈ ಪರಿಹಾರ ಬೇಕಾದರೆ ರಿಟರ್ನ್‌ಗಿಂತ ಮೊದಲು ಫಾರಂ 10ಇ ಅನ್ನು ಆನ್‌ಲೈನ್‌ನಲ್ಲೇ ಪ್ರತ್ಯೇಕವಾಗಿ ಸಲ್ಲಿಸಬೇಕು. ತುಂಬಿಕೊಟ್ಟವರು ಅದನ್ನು ಬಿಟ್ಟಿದ್ದರು. ಅದು 2023-24ರ ಅಸೆಸ್‌ಮೆಂಟ್ ವರ್ಷದ ರಿಟರ್ನ್, ಅದನ್ನು ಪರಿಷ್ಕರಿಸಲು ಕೊನೆಯ ದಿನವಾದ ಡಿಸೆಂಬರ್ 31 ಇನ್ನೂ ದೂರವಿತ್ತು. ವರ್ಷವಾರು ಬಾಕಿಯನ್ನು ಬಿಡಿಸಿ 10ಇ ಹಾಕಿ, ಆಮೇಲೆ ಪರಿಷ್ಕೃತ ರಿಟರ್ನ್ ಸಲ್ಲಿಸಿ ಇ-ವೆರಿಫೈ ಮಾಡಿದೆವು. ಡಿಮ್ಯಾಂಡ್ ಹೋಯಿತು. ಪರಿಷ್ಕೃತ ರಿಟರ್ನ್ ಎಂದರೆ ತಪ್ಪಿದ ಸಾಲನ್ನಷ್ಟೇ ಕಳಿಸುವುದಲ್ಲ, ಮೂಲ ರಿಟರ್ನ್‌ನ ಸ್ವೀಕೃತಿ ಸಂಖ್ಯೆ, ದಿನಾಂಕ ಕೊಟ್ಟು ಇಡೀ ಫಾರಂ ಮತ್ತೆ ಸಲ್ಲಿಸುವುದು. ಹೊಸದು ಹಳೆಯದರ ಜಾಗಕ್ಕೆ ಬರುತ್ತದೆ.

ಇನ್ನೊಬ್ಬರದು ಬೇರೆಯೇ ಬಗೆ. ಬ್ಯಾಂಕಿನ ಒಂದು ಶಾಖೆ ಅವರ ಪ್ಯಾನಿನ ಒಂದು ಅಕ್ಷರ ತಪ್ಪಾಗಿ ನಮೂದಿಸಿದ್ದರಿಂದ ಮುರಿದ ತೆರಿಗೆ 26ಎಎಸ್‌ಗೆ ಬರಲೇ ಇಲ್ಲ. ಯಾರೋ ಹೇಳಿದರೆಂದು ಅವರು ಪರಿಷ್ಕೃತ ರಿಟರ್ನ್ ಹಾಕಲು ಹೊರಟಿದ್ದರು. ನೂರು ಸಲ ಹಾಕಿದರೂ ಉತ್ತರ ಒಂದೇ, ಏಕೆಂದರೆ ಅವರ ರಿಟರ್ನ್‌ನಲ್ಲಿ ತಪ್ಪಿರಲಿಲ್ಲ. ಶಾಖೆಯೇ ತಿದ್ದುಪಡಿ ಟಿಡಿಎಸ್ ವಿವರ ಸಲ್ಲಿಸಬೇಕಿತ್ತು. ಬರವಣಿಗೆಯಲ್ಲಿ ಕೇಳಿ, ಮುದ್ರೆ ಹಾಕಿಸಿಕೊಂಡು, ಬೆನ್ನು ಹತ್ತಿದೆವು. 26ಎಎಸ್‌ನಲ್ಲಿ ಮೊತ್ತ ಕಾಣಿಸಿದ ಮೇಲೆ 154ನೇ ಸೆಕ್ಷನ್ನಿನಡಿ ರಿಟರ್ನನ್ನು ಮರುಪ್ರಕ್ರಿಯೆಗೆ ಒಳಪಡಿಸುವಂತೆ ಕೋರಿದೆವು. ಇದಕ್ಕೆ ಆದೇಶ ಬಂದ ಹಣಕಾಸು ವರ್ಷ ಮುಗಿದ ಮೇಲೂ ನಾಲ್ಕು ವರ್ಷ ಕಾಲಾವಕಾಶವಿದೆ, ಹೆದರಬೇಕಿಲ್ಲ.

ಇನ್ನು ಫೋನ್ ನಂಬರಿನ ಮಾತು. ಪೇಟೆಯ ಕೆಲವು ಸೈಬರ್ ಸೆಂಟರ್‌ಗಳಲ್ಲಿ ಗಿರಾಕಿಯ ಪ್ರೊಫೈಲ್‌ಗೆ ಅಂಗಡಿಯ ಇ-ಮೇಲ್, ಅಂಗಡಿಯ ನಂಬರ್ ಹಾಕುತ್ತಾರೆ. ಲೋಪವಿದೆ ಎಂಬ 139(9)ರ ನೋಟಿಸಿಗೆ 15 ದಿನದಲ್ಲಿ, ನಮ್ಮ ಅಂಕಿಗಳನ್ನು ಬದಲಿಸುವ ಇಲಾಖೆಯ ಹೊಂದಾಣಿಕೆ ಪ್ರಸ್ತಾವಕ್ಕೆ 30 ದಿನದಲ್ಲಿ ಉತ್ತರ ಕೊಡಬೇಕು. ನೋಟಿಸು ಅಂಗಡಿಯ ಇನ್‌ಬಾಕ್ಸ್‌ನಲ್ಲಿ ಕೊಳೆಯುತ್ತದೆ, ಹಿರಿಯರಿಗೆ ಸುದ್ದಿಯೇ ಇಲ್ಲ. ಇದು ಸಲ್ಲದು. ನಾನು ಮೊದಲು ಮಾಡುವುದೇ ಪ್ರೊಫೈಲ್‌ನಲ್ಲಿ ಅವರದೇ ನಂಬರ್, ಮನೆಯವರೊಬ್ಬರ ಇ-ಮೇಲ್ ಸೇರಿಸುವುದು. ಆಧಾರ್‌ಗೆ ಜೋಡಿಸಿದ, ವೆರಿಫೈ ಮಾಡುವ ಒಟಿಪಿ ಬರುವ ಫೋನ್ ಬೆಂಗಳೂರಿನ ಮಗನ ಕೈಯಲ್ಲಿದ್ದರೆ ಸಲ್ಲಿಸುವ ದಿನವನ್ನೇ ಅವನೊಂದಿಗೆ ಗೊತ್ತು ಮಾಡಿಕೊಳ್ಳುತ್ತೇನೆ. 2022ರ ಆಗಸ್ಟ್ 1ರಿಂದ ಇ-ವೆರಿಫೈ ಮಾಡಲು 120 ದಿನದ ಬದಲು 30 ದಿನ ಮಾತ್ರ. ಸಲ್ಲಿಸಿ ವೆರಿಫೈ ಮಾಡುವ ಮೊದಲು ತಪ್ಪು ಕಣ್ಣಿಗೆ ಬಿದ್ದರೆ ಅದನ್ನು ‘ಡಿಸ್ಕಾರ್ಡ್’ ಮಾಡಿ ಹೊಸದಾಗಿ ಹಾಕಬಹುದು. ಇದು 2023-24ರ ಅಸೆಸ್‌ಮೆಂಟ್ ವರ್ಷದಿಂದ ಸಿಕ್ಕಿರುವ ಅನುಕೂಲ.

ರಿಫಂಡ್‌ನಲ್ಲಿ ಪಾಲು ಕೇಳುವ ಮಧ್ಯವರ್ತಿಗಳಿಂದ ದೂರವಿರಿ ಎಂದು ಕಂಡವರಿಗೆಲ್ಲ ಹೇಳುತ್ತೇನೆ. ಕೊಡದ ದೇಣಿಗೆ, ಕಟ್ಟದ ಬಾಡಿಗೆ ತೋರಿಸಿ ಹಣ ತರಿಸಿಕೊಟ್ಟವರು ನೋಟಿಸು ಬಂದಾಗ ಫೋನ್ ಎತ್ತುವುದಿಲ್ಲ. ಆದಾಯವನ್ನು ಸುಳ್ಳಾಗಿ ತೋರಿಸಿದರೆ ತಪ್ಪಿಸಿದ ತೆರಿಗೆಯ ಶೇಕಡ 200ರಷ್ಟು ದಂಡವಿದೆ. ಬೀಳುವುದು ಪ್ಯಾನ್ ಯಾರದೋ ಅವರ ಮೇಲೆ.

ಗಡುವು ಕಳೆದ ಮೇಲೆ ತೆರೆದಿರುವ ಬಾಗಿಲುಗಳು ಎಲ್ಲರಿಗೂ ಒಂದೇ ಅಲ್ಲ. 2022ರಲ್ಲಿ ಬಂದ ಅಪ್‌ಡೇಟೆಡ್ ರಿಟರ್ನ್‌ಗೆ ಮೊದಲು ಎರಡು ವರ್ಷವಿದ್ದ ಅವಧಿ 2025ರಲ್ಲಿ ನಾಲ್ಕಾಯಿತು. ಬಿಟ್ಟುಹೋದ ಆದಾಯ ತೋರಿಸಿ ಹೆಚ್ಚುವರಿ ತೆರಿಗೆ ಕಟ್ಟುವವರಿಗೆ ಅದು ಇದೆ, ರಿಫಂಡ್ ಕೇಳುವವರಿಗೆ ಇಲ್ಲ. ಕಟ್ಟಬೇಕಾದವನಿಗೆ ನಾಲ್ಕು ವರ್ಷ ಕೊಡುವ ಕಾನೂನು, ತನ್ನದೇ ಹಣ ವಾಪಸ್ ಪಡೆಯಬೇಕಾದ ಪಿಂಚಣಿದಾರಳಿಗೆ ಅಷ್ಟೇ ಸಲೀಸಾದ ದಾರಿ ಕೊಡದಿರುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಆಕೆಗೆ ಉಳಿಯುವುದು 119(2)(ಬಿ) ಅಡಿಯಲ್ಲಿ ವಿಳಂಬ ಮನ್ನಿಸಿ ಎಂಬ ಅರ್ಜಿ. 2024ರ ಅಕ್ಟೋಬರ್‌ನ ಸುತ್ತೋಲೆಯಂತೆ ಅಸೆಸ್‌ಮೆಂಟ್ ವರ್ಷ ಮುಗಿದು ಐದು ವರ್ಷದೊಳಗೆ ಅದನ್ನು ಹಾಕಬಹುದು. ನಮ್ಮ ಬೀದಿಯ ಒಬ್ಬ ನಿವೃತ್ತ ನರ್ಸ್ ಗಂಡನ ಕಾಯಿಲೆಯ ವರ್ಷಗಳಲ್ಲಿ ರಿಟರ್ನ್ ಹಾಕಿರಲಿಲ್ಲ. ಆಸ್ಪತ್ರೆಯ ದಾಖಲೆಗಳು, ಬಡ್ಡಿಯ ಪ್ರಮಾಣಪತ್ರಗಳು, 26ಎಎಸ್ ಎಲ್ಲವನ್ನೂ ಜೋಡಿಸಿ ಅರ್ಜಿ ಹಾಕಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಒಪ್ಪಿಗೆ ಸಿಕ್ಕರೆ ಆ ವರ್ಷಗಳ ರಿಟರ್ನ್‌ಗಳನ್ನು ಒಂದೊಂದಾಗಿ ಸಲ್ಲಿಸಬೇಕು. ಬೇಕಾದ ಕಾಗದಗಳು ವರ್ಷವಾರು ಕಡತದಲ್ಲಿ ಸಿದ್ಧವಾಗಿವೆ.