ಅಂಕೋಲೆಯ ಫೈಲು ಕಾಣದಾದುದೇಕೆ?

ಕಾರವಾರ ಮತ್ತು ಅಂಕೋಲಾ ತಾಲೂಕುಗಳ ದಿನವಹಿ ಮಳೆಯ ಅಂಕೆಗಳನ್ನು ನಮ್ಮ ವಿದ್ಯಾರ್ಥಿಗಳು ಎರಡು ಫೈಲುಗಳಲ್ಲಿ ಬರೆದಿಟ್ಟಿದ್ದರು. ಅವುಗಳ ಸರಾಸರಿಯನ್ನು ತೆಗೆಯಲು ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮೊಂದನ್ನು ರಚಿಸಿದೆವು. ಯಂತ್ರವು ಯಾವ ತಕರಾರೂ ಇಲ್ಲದೆ ಉತ್ತರವನ್ನು ಕೊಟ್ಟಿತು. ಆದರೆ ಆ ಉತ್ತರವು ಕಾರವಾರದ ಅಂಕೆಗೆ ಕೊನೆಯ ದಶಾಂಶದವರೆಗೂ ಸರಿಸಮವಾಗಿದ್ದಿತು! ಅಂಕೋಲೆಯ ಫೈಲನ್ನು ಅದು ತೆರೆದೇ ಇರಲಿಲ್ಲ. ತೆರೆಯಲಾಗದ ಫೈಲನ್ನು ಬಿಟ್ಟು ಮುಂದೆ ಹೋಗಬೇಕೆಂದು ನಾವೇ ಅದಕ್ಕೆ ಅಪ್ಪಣೆ ಕೊಟ್ಟಿದ್ದೆವು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಪ್ರಾಣಹಾನಿಯಾದದ್ದು ಇದೇ ಅಂಕೋಲಾ ತಾಲೂಕಿನಲ್ಲಿ. ಅಲ್ಲಿಯ ಮಳೆಯನ್ನು ಸದ್ದಿಲ್ಲದೆ ಕೈಬಿಡುವ ಲೆಕ್ಕವು ಎಷ್ಟು ಅನರ್ಥಕಾರಿಯೆಂಬುದನ್ನು ವಾಚಕರೇ ಊಹಿಸಬಹುದು.

ಎರಡು ಫೈಲುಗಳೂ ‘ಡಿ’ ಎಂಬ ಒಂದೇ ಡ್ರೈವಿನಲ್ಲಿದ್ದವು. ಎರಡರ ಹೆಸರುಗಳೂ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿದ್ದವು. ಹೀಗಿರಲು ಒಂದು ತೆರೆದು ಇನ್ನೊಂದು ತೆರೆಯದಿರಲು ಕಾರಣವೇನು?

ವಿಂಡೋಸ್ ವ್ಯವಸ್ಥೆಯಲ್ಲಿ ಫೈಲಿನ ವಿಳಾಸವನ್ನು ಬರೆಯುವಾಗ ಡ್ರೈವು, ಫೋಲ್ಡರು, ಫೈಲುಗಳ ಹೆಸರುಗಳ ನಡುವೆ ‘\’ ಎಂಬ ಗೆರೆಯನ್ನು, ಅಂದರೆ ಬ್ಯಾಕ್‌ಸ್ಲ್ಯಾಶನ್ನು, ಹಾಕುವುದು ರೂಢಿ. 1983ರಲ್ಲಿ ಎಂ.ಎಸ್.-ಡಾಸ್‌ನ ಎರಡನೆಯ ಆವೃತ್ತಿಯಲ್ಲಿ ಫೋಲ್ಡರುಗಳು ಬಂದಾಗ, ಯುನಿಕ್ಸ್ ಬಳಸುತ್ತಿದ್ದ ‘/’ ಗೆರೆಯು ಡಾಸ್‌ನಲ್ಲಿ ಅದಾಗಲೇ ಆಜ್ಞೆಗಳ ಉಪಸೂಚನೆಗಳಿಗೆ ಮೀಸಲಾಗಿದ್ದಿತು. ಆದುದರಿಂದ ಅದರ ಪ್ರತಿಬಿಂಬವನ್ನು ಆರಿಸಿಕೊಂಡರು. ಆದರೆ 1970ರ ದಶಕದ ‘ಸಿ’ ಭಾಷೆಯಲ್ಲಿ ಇದೇ ಚಿಹ್ನೆಗೆ ಬೇರೊಂದು ಕೆಲಸವಿದ್ದಿತು: ತನ್ನ ಮುಂದಿನ ಅಕ್ಷರಕ್ಕೆ ವಿಶೇಷಾರ್ಥವನ್ನು ಕೊಡುವುದು. ಪೈಥಾನ್ ಭಾಷೆಯೂ ಈ ಪದ್ಧತಿಯನ್ನೇ ಅನುಸರಿಸುತ್ತದೆ. ಬ್ಯಾಕ್‌ಸ್ಲ್ಯಾಶಿನ ಮುಂದೆ ಸಣ್ಣ ‘ಎನ್’ ಬಂದರೆ ಹೊಸ ಸಾಲು. ‘ಟಿ’ ಬಂದರೆ ಟ್ಯಾಬ್. ‘ಬಿ’ ಬಂದರೆ ಒಂದು ಸ್ಥಾನ ಹಿಂದೆ ಸರಿಯೆಂಬ ಸಂಕೇತ. ‘ಎ’ ಬಂದರೆ? ಗಂಟೆ! ದೂರಮುದ್ರಕಗಳ ಕಾಲದಲ್ಲಿ ಈ 7ನೆಯ ಸಂಕೇತವು ಆಚೆ ಕಡೆಯ ನೌಕರನನ್ನು ಎಚ್ಚರಿಸಲು ನಿಜವಾದ ಗಂಟೆಯನ್ನೇ ಬಾರಿಸುತ್ತಿದ್ದಿತು.

ನಮ್ಮ ಅಪ್ಪಣೆಯನ್ನು ಹಿಂತೆಗೆದುಕೊಂಡಾಗ ಯಂತ್ರವು ಬಾಯಿಬಿಟ್ಟಿತು. ಅದು ತೋರಿಸಿದ ಹೆಸರಿನಲ್ಲಿ ಬ್ಯಾಕ್‌ಸ್ಲ್ಯಾಶೂ ಮೊದಲ ‘ಎ’ಯೂ ಮಾಯವಾಗಿ, ಅವುಗಳ ಬದಲು 07 ಎಂಬ ಸಂಕೇತವಿದ್ದಿತು. ಕಾರವಾರದ ‘ಕೆ’ಗೆ ಅಂತಹ ವಿಶೇಷಾರ್ಥವಿಲ್ಲದ ಕಾರಣ ಅದು ಪಾರಾಯಿತು. ನಮ್ಮ ಜಿಲ್ಲೆಯ ತಾಲೂಕುಗಳಲ್ಲಿ ಈ ಗ್ರಹಚಾರವು ಅಂಕೋಲೆಗೂ ಭಟ್ಕಳಕ್ಕೂ ಮಾತ್ರ. ಕುಮಟೆ, ಹೊನ್ನಾವರ, ಶಿರಸಿಗಳು ಕ್ಷೇಮ. ಅದೃಷ್ಟದಿಂದ ಪಾರಾಗುವುದನ್ನು ಕ್ಷೇಮವೆನ್ನಬಹುದಾದರೆ! ಪೈಥಾನಿನ ಹೊಸ ಆವೃತ್ತಿಗಳು ‘ಕೆ’ಯಂತಹ ಪ್ರಸಂಗದಲ್ಲಿಯೂ ಎಚ್ಚರಿಕೆಯನ್ನು ಕೊಡುತ್ತವೆ.

ಪರಿಹಾರವು ಸುಲಭ. ಬ್ಯಾಕ್‌ಸ್ಲ್ಯಾಶನ್ನು ‘\\’ ಎಂದು ಎರಡು ಬಾರಿ ಬರೆದರೆ ಯಂತ್ರವು ಅದನ್ನು ಒಂದೇ ಗೆರೆಯೆಂದು ಗ್ರಹಿಸುತ್ತದೆ. ಉದ್ಧರಣ ಚಿಹ್ನೆಯ ಹಿಂದೆ ‘ಆರ್’ ಅಕ್ಷರವನ್ನಿಟ್ಟರೆ ಒಳಗಿನ ಅಕ್ಷರಗಳೆಲ್ಲ ಇದ್ದಂತೆಯೇ ಉಳಿಯುತ್ತವೆ. ಆದರೆ ಅಂತಹ ಬರಹವು ಒಂಟಿ ಬ್ಯಾಕ್‌ಸ್ಲ್ಯಾಶಿನಿಂದ ಮುಗಿಯಕೂಡದು. ‘/’ ಗೆರೆಯನ್ನೇ ಬಳಸುವುದು ಮೂರನೆಯ ದಾರಿ. ವಿಂಡೋಸ್ ಸಹ ಅದನ್ನು ಒಪ್ಪುವುದರಿಂದ ನಾವು ಇದನ್ನೇ ಮೆಚ್ಚುತ್ತೇವೆ.

ಫೈಲಿನ ಹೆಸರನ್ನು ಕನ್ನಡದಲ್ಲಿಯೇ ಇಟ್ಟರೆ ಗಂಟೆಯ ಕಾಟವಿಲ್ಲ. ಆದರೆ ಅಲ್ಲಿಯೂ ಅಂಕೋಲೆಗೇ ಇನ್ನೊಂದು ತೊಡಕು ಕಾದಿದೆ. ‘ಅಂಕೋಲಾ’ ಎಂಬುದರ ‘ಕೋ’ದಲ್ಲಿರುವ ಓತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತದಿಂದ ಬರೆಯಬಹುದು, ಎತ್ವ, ಊತ್ವ, ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ವಿಂಡೋಸ್‌ಗೆ ಅವು ಎರಡು ಬೇರೆ ಬೇರೆ ಫೈಲುಗಳು. ‘ಕಾರವಾರ’ದಲ್ಲಿ ಅಂತಹ ಅಕ್ಷರವಿಲ್ಲ. ಆದುದರಿಂದ ಹೆಸರುಗಳನ್ನು ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರತಕ್ಕದ್ದು. ಇದಕ್ಕೆ ಬೇಕಾದ ಸಾಧನವು ಪೈಥಾನಿನ ಜೊತೆಗೇ ಬರುತ್ತದೆ.